7-6 ಇದ್ದದ್ದು 7-8 ಆದದ್ದು ಹೇಗೆ? ಮಂಗೋಲಿಯಾದ ಮಂದಖ್‌ನರನ್ ದಾಖಲೆ ಬರೆಯುವಾಗ ಎದ್ದ ಗೊಂದಲಗಳು

ಅಂಕಪಟ್ಟಿ (ಪ್ರಶ್ನೆ)

ಮಂಗೋಲಿಯಾದ ಫ್ರೀಸ್ಟೈಲ್ ಪೈಲ್ವಾನ ಗಂಜೋರಿಗಿನ್ ಮಂದಖ್‌ನರನ್ ಅವರ ಅಂತರರಾಷ್ಟ್ರೀಯ ಕುಸ್ತಿಗಳದ್ದೊಂದು ಪುಟ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಪಟ್ಟಿ ಮಾಡಲು ಕೂತರೆ ಸಾಲಿಗೊಂದು ಗಂಟು.

ಮೊದಲು ಹೆಸರು. ಒಂದು ಕಡೆ ಗಂಜೋರಿಗ್ ಮಂದಖ್‌ನರನ್, ಇನ್ನೊಂದು ಕಡೆ ಮಂದಖ್‌ನರನ್ ಗಂಜೋರಿಗ್, ವರದಿಗಳಲ್ಲಿ ಬರೀ ಗಂಜೋರಿಗ್. ಒಬ್ಬರೋ ಇಬ್ಬರೋ ಅನ್ನುವ ಅನುಮಾನವೇ ಬರುತ್ತದೆ.

ಆಮೇಲೆ ರಿಯೊ 2016ರ 65 ಕೆ.ಜಿ. ಕಂಚಿನ ಕುಸ್ತಿ. ಉಜ್ಬೇಕಿಸ್ತಾನದ ಇಖ್ತಿಯೋರ್ ನವ್ರುಜೊವ್ ಎದುರು ಕೊನೆಯ ಸೆಕೆಂಡುಗಳಲ್ಲಿ 7-6 ಮುಂದಿದ್ದವರು ಇವರು. ಅಧಿಕೃತ ಫಲಿತಾಂಶದಲ್ಲಿ 7-8 ಸೋಲು. ನಡುವೆ ಒಂದು ಪಟ್ಟೂ ಬಿದ್ದಿಲ್ಲ. ಎರಡು ಅಂಕ ಎಲ್ಲಿಂದ ಬಂತು? 7-7ಕ್ಕೇ ಸೋತರು ಅಂತಲೂ ಕೆಲವರು ಬರೆದಿದ್ದಾರಲ್ಲ?

ಇನ್ನೊಂದು. ಅದೇ ದಿನ ಕ್ವಾರ್ಟರ್ ಫೈನಲ್‌ನಲ್ಲಿ ರಷ್ಯಾದ ಸೊಸ್ಲಾನ್ ರಮೊನೊವ್ ಕೈಲಿ ಸೋತ ಮಂದಖ್‌ನರನ್‌ಗೆ ಕಂಚಿನ ಕುಸ್ತಿ ಸಿಕ್ಕಿತು. ಆದರೆ ಇವರ ಕೈಲಿ 0-3ಕ್ಕೆ ಸೋತ ಯೋಗೇಶ್ವರ್ ದತ್ತ್ ನೇರ ಮನೆಗೆ. ಇದು ಯಾವ ಲೆಕ್ಕ?

ಹಳೆಯ ತಲೆಮಾರಿನ ಜೆವೆಗಿನ್ ಒಯಿದೊವ್ ಬಗ್ಗೆಯೂ ಒಂದು ಪ್ಯಾರಾ ಹಾಕುವ ಯೋಚನೆ ಇದೆ. ಅವರು ಮಾಂಟ್ರಿಯಲ್ 1976ರಲ್ಲಿ ಚಿನ್ನ ಗೆದ್ದವನನ್ನೇ ಸೋಲಿಸಿ ಬೆಳ್ಳಿ ಪಡೆದರಂತೆ. ಇದು ನಿಜವೇ, ಅಥವಾ ಯಾರೋ ಬರೆದ ತಪ್ಪನ್ನು ಎಲ್ಲರೂ ನಕಲು ಹೊಡೆದಿದ್ದಾರೆಯೇ?

---

ಗಡಿರೇಖೆ

ಹೆಸರಿನದ್ದು ಸುಲಭ, ಮುಗಿಸಿಬಿಡೋಣ. ಮಂಗೋಲಿಯಾದಲ್ಲಿ ನಮ್ಮ ಹಾಗೆ ಮನೆತನದ ಹೆಸರು ನಡೆಯುವುದಿಲ್ಲ. ತಂದೆಯ ಹೆಸರಿಗೆ ಷಷ್ಠಿ ಪ್ರತ್ಯಯ ಸೇರಿ ಮೊದಲು ಬರುತ್ತದೆ, ಸ್ವಂತ ಹೆಸರು ಆಮೇಲೆ. ಗಂಜೋರಿಗಿನ್ ಮಂದಖ್‌ನರನ್ ಎಂದರೆ ಗಂಜೋರಿಗನ ಮಗ ಮಂದಖ್‌ನರನ್. ಆ 'ಇನ್' ನಮ್ಮ 'ಅನ' ಇದ್ದಂತೆ. ಪ್ರತ್ಯಯ ಕಿತ್ತು, ಪಾಶ್ಚಾತ್ಯ ನಮೂನೆಯ ಫಾರ್ಮಿನಲ್ಲಿ 'ಕುಟುಂಬನಾಮ' ಅನ್ನುವ ಜಾಗಕ್ಕೆ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ತುಂಬಿದ್ದರಿಂದ ಈ ಗೊಂದಲ. ಮನುಷ್ಯ ಒಬ್ಬರೇ. ಬರೆಯುವಾಗ ಚಿಕ್ಕದಾಗಿ ಕರೆಯಬೇಕಾದರೆ ಮಂದಖ್‌ನರನ್ ಅನ್ನಿ. 'ಗಂಜೋರಿಗ್ ಸೋತರು' ಅಂದರೆ ಅಪ್ಪ ಸೋತ ಹಾಗಾಗುತ್ತದೆ. ಹುಡುಕುವಾಗ ಮಾತ್ರ ಎರಡೂ ಕ್ರಮದಲ್ಲಿ ಹುಡುಕಿ, ಇಲ್ಲದಿದ್ದರೆ ಅರ್ಧ ಕುಸ್ತಿಗಳು ಸಿಗುವುದಿಲ್ಲ.

ಈಗ ರಿಯೊ. 2016ರ ಆಗಸ್ಟ್ 21, ಕ್ರೀಡಾಕೂಟದ ಕೊನೆಯ ದಿನ. 7-6 ಮುಂದಿದ್ದ ಮಂದಖ್‌ನರನ್ ಕೊನೆಯ ಸೆಕೆಂಡುಗಳಲ್ಲಿ ಎದುರಾಳಿಯ ಕೈಗೆ ಸಿಗದೆ ಹಿಂದೆ ಸರಿಯುತ್ತ, ಕೈ ಮೇಲೆತ್ತಿ, ಗೆದ್ದೆನೆಂದು ಕುಣಿಯತೊಡಗಿದರು. ಗಡಿಯಾರ ಇನ್ನೂ ಓಡುತ್ತಿತ್ತು. ನಿಯಮದ ಭಾಷೆಯಲ್ಲಿ ಇದಕ್ಕೆ 'ಹಿಡಿತದಿಂದ ಪಲಾಯನ' ಎಂದು ಹೆಸರು. ಎದುರಾಳಿ ಪಟ್ಟು ಹಾಕದಂತೆ ಸಂಪರ್ಕವನ್ನೇ ನಿರಾಕರಿಸುವುದು. ಶಿಕ್ಷೆ: ತಪ್ಪು ಮಾಡಿದವನಿಗೆ ಒಂದು ಎಚ್ಚರಿಕೆ, ಎದುರಾಳಿಗೆ 1 ಅಂಕ. ಆ ಅಂಕ ಬಿದ್ದು 7-7 ಆಯಿತು.

ಸಮಬಲದಲ್ಲಿ ಮುಗಿದರೆ ಹೆಚ್ಚುವರಿ ಸಮಯ ಇಲ್ಲ. ಮೂರು ಜರಡಿ ಇವೆ, ಒಂದರ ಕೆಳಗೆ ಒಂದು. ದೊಡ್ಡ ಬೆಲೆಯ ಪಟ್ಟು ಯಾರದ್ದು ಹೆಚ್ಚು, ಅದೂ ಸಮವಾದರೆ ಎಚ್ಚರಿಕೆ ಯಾರಿಗೆ ಕಡಿಮೆ, ಅದೂ ಸಮವಾದರೆ ಕೊನೆಯ ಅಂಕ ಯಾರದ್ದು. ದಂಡದಿಂದ ಬಂದ ಅಂಕ ಎರಡು ಕಡೆಯಿಂದ ಕಚ್ಚುತ್ತದೆ, ಗಮನಿಸಿ: ಎಚ್ಚರಿಕೆ ನಿಮ್ಮ ಖಾತೆಗೆ, ಕೊನೆಯ ಅಂಕ ಅವನ ಖಾತೆಗೆ. ಹಾಗಾಗಿ 7-7 ಆದ ಕ್ಷಣವೇ ಕುಸ್ತಿ ನವ್ರುಜೊವ್ ಪಾಲಾಗಿತ್ತು. ಮಂಗೋಲಿಯಾದ ಇಬ್ಬರು ತರಬೇತುದಾರರು ಕಣಕ್ಕೆ ನುಗ್ಗಿ ಬಟ್ಟೆ ಬಿಚ್ಚಿ ಎಸೆದು ಪ್ರತಿಭಟಿಸಿದ ಗಲಾಟೆಯಲ್ಲಿ ಇನ್ನೊಂದು ಅಂಕವೂ ಹೋಗಿ 7-8 ಎಂದು ದಾಖಲಾಯಿತು. ಕೋಚ್‌ಗಳಿಗೆ ವಿಶ್ವ ಕುಸ್ತಿ ಸಂಸ್ಥೆ 3 ವರ್ಷ ನಿಷೇಧ ಹಾಕಿತು.

ಅಂದರೆ '7-7ಕ್ಕೆ ಸೋತರು' ಅನ್ನುವವರೂ '7-8' ಅನ್ನುವವರೂ ಸುಳ್ಳು ಹೇಳುತ್ತಿಲ್ಲ. ಸೋತದ್ದು 7-7ಕ್ಕೆ, ಬರೆದದ್ದು 7-8.

---

ಎರಡು_ಭುಜ

ಗಡಿರೇಖೆ ಹೇಳಿದ್ದು ಸರಿ. ಆದರೆ ಆ ದಂಡ ನ್ಯಾಯವೇ ಅನ್ನುವ ಚರ್ಚೆ ಬೇರೆ ಇದೆ. ನಿಯಮಪುಸ್ತಕದಂತೆ ಅಂಕ ಕೊಟ್ಟದ್ದು ಸರಿ ಅಂತಲೇ ನನ್ನ ಮತ. ಸಂಪರ್ಕ ಬಿಟ್ಟವನಿಗೆ ದಂಡ, ಅದರಲ್ಲಿ ಎರಡು ಮಾತಿಲ್ಲ. ಕಿರಿಕಿರಿ ಆಗುವುದು ಹೊತ್ತಿನ ಬಗ್ಗೆ. ಆರು ನಿಮಿಷ ಮುಗಿದು, ಕೋಚ್ ಬಂದು ತಬ್ಬಿಕೊಂಡ ಮೇಲೆ ಅಂಕ ಬೋರ್ಡಿಗೆ ಬಂದರೆ ಯಾರಿಗಾದರೂ ತಟ್ಟೆಯಿಂದ ತುತ್ತು ಕಸಿದ ಹಾಗೆ ಅನ್ನಿಸುತ್ತದೆ.

ಒಂದೇ ಅಂಕದ ಮುನ್ನಡೆ ಇಟ್ಟುಕೊಂಡು ಕೊನೆಯ 20 ಸೆಕೆಂಡು ಕಳೆಯುವುದು ಒಂದು ಪ್ರತ್ಯೇಕ ವಿದ್ಯೆ. ಅದು ತಿಳಿದರೆ ಈ ಕುಸ್ತಿ ಎಲ್ಲಿ ಕೈತಪ್ಪಿತು ಅನ್ನುವುದು ಸ್ಪಷ್ಟವಾಗುತ್ತದೆ.

ಮುನ್ನಡೆಯಲ್ಲಿರುವವನಿಗೆ ಅಂಕ ಸೋರುವ ದಾರಿಗಳು ಇವು. ಒಂದು ಪಾದ ರಕ್ಷಣಾ ವಲಯಕ್ಕೆ, ಅಂದರೆ ಅಂಗಳದ ಹೊರಸುತ್ತಿಗೆ ಬಿದ್ದರೆ ಎದುರಾಳಿಗೆ 1. ತಳ್ಳಿಸಿಕೊಳ್ಳದೆ ತಾನೇ ಅಂಗಳ ಬಿಟ್ಟು ಓಡಿದರೆ 1, ಜೊತೆಗೆ ಎಚ್ಚರಿಕೆ. ಹಿಡಿತ ತಪ್ಪಿಸಿ ಓಡಾಡಿದರೆ 1, ಜೊತೆಗೆ ಎಚ್ಚರಿಕೆ. ಕೋಚ್ ಹಾಕಿದ ಚಾಲೆಂಜ್ (ತೀರ್ಪು ಮತ್ತೆ ನೋಡಿ ಅನ್ನುವ ಕೋರಿಕೆ) ಬಿದ್ದರೆ 1. ನೋಡಿ, ಇವುಗಳಲ್ಲಿ ಒಂದಕ್ಕೂ ಎದುರಾಳಿ ಪಟ್ಟು ಹಾಕುವ ಅಗತ್ಯವೇ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹಿಂದೆ ಹೋಗಬಾರದು, ಒಳಗೆ ಹೋಗಬೇಕು. ಒಂದು ಕೈ ಅವನ ಕಂಕುಳ ಕೆಳಗೆ ತೂರಿಸಿ ಭುಜ ಎತ್ತಿ ಹಿಡಿಯುವುದು, ಇನ್ನೊಂದು ಕೈಯಲ್ಲಿ ಮಣಿಕಟ್ಟು. ಹಣೆ ಅವನ ಕಪಾಲಕ್ಕೆ. ಬೆನ್ನು ಯಾವತ್ತೂ ಅಂಗಳದ ನಡುವಿನ ವೃತ್ತದ ಕಡೆ ಇರಬೇಕು, ಗಡಿಯ ಕಡೆ ಅಲ್ಲ. ಐದಾರು ಸೆಕೆಂಡಿಗೊಮ್ಮೆ ಕಾಲಿಗೆ ಬೀಳುವ ಹಾಗೆ ಒಂದು ಹುಸಿ ದಾಳಿ. ಆ ದಾಳಿ ಪೂರ್ತಿಯಾಗಬೇಕಿಲ್ಲ, ರೆಫರಿಗೆ ಕಂಡರೆ ಸಾಕು. ಅವನು ಕಾಲಿಗೆ ಬಂದರೆ ಸೊಂಟ ಹಿಂದೆ ಎಸೆದು ಭಾರ ಪೂರ್ತಿ ಅವನ ಕತ್ತಿನ ಮೇಲೆ. ಅಲ್ಲೇ ಏಳೆಂಟು ಸೆಕೆಂಡು ಕರಗುತ್ತದೆ, ಒಂದು ಎಚ್ಚರಿಕೆಯೂ ಬೀಳುವುದಿಲ್ಲ.

ಮಂದಖ್‌ನರನ್ ಇದರ ಉಲ್ಟಾ ಮಾಡಿದರು: ಕೈ ಬಿಟ್ಟರು, ದೂರ ನಿಂತರು, ತಿರುಗಿದರು. ಎರಡು ಅಂಕದ ಮುನ್ನಡೆ ಇದ್ದಿದ್ದರೆ ಅದೂ ನಡೆಯುತ್ತಿತ್ತು. ಒಂದು ದಂಡದ ಅಂಕ ಹೋದರೂ ಗೆಲುವು ಉಳಿಯುತ್ತಿತ್ತು. ಒಂದರ ಮುನ್ನಡೆ ಅಂದರೆ ಮುನ್ನಡೆಯೇ ಅಲ್ಲ, ಒಂದು ಸೀಟಿಯಷ್ಟು ದೂರ.

---

ಪಟ್ಟುಪುರಾಣ

ರೆಪೆಶಾಜ್, ಅಂದರೆ ಸೋತವರಿಗೆ ಸಿಗುವ ಎರಡನೇ ಅವಕಾಶದ ಬಗ್ಗೆ ಕೇಳಿದ್ದೀರಿ. ಸೂತ್ರ ಒಂದೇ ಸಾಲು: ಫೈನಲ್ ತಲುಪಿದವನ ಕೈಲಿ ಸೋತವರಿಗೆ ಮಾತ್ರ ಎರಡನೇ ಬಾಗಿಲು.

ರಮೊನೊವ್ ಫೈನಲ್‌ಗೆ ಹೋಗಿ, ಅಜರ್‌ಬೈಜಾನಿನ ತೊಗ್ರುಲ್ ಅಸ್ಗರೊವ್ ಅವರನ್ನು ಸೋಲಿಸಿ ಚಿನ್ನ ಗೆದ್ದರು. ಹಾಗಾಗಿ ರಮೊನೊವ್ ಕೈಲಿ ಸೋತ ಮಂದಖ್‌ನರನ್‌ಗೆ ಬಾಗಿಲು ತೆರೆಯಿತು. ಯೋಗೇಶ್ವರ್ ಸೋತದ್ದು ಮಂದಖ್‌ನರನ್‌ಗೆ, ಅವರು ಫೈನಲ್ ಮುಟ್ಟಲಿಲ್ಲ, ಬಾಗಿಲು ಮುಚ್ಚಿತು. 'ನನ್ನನ್ನು ಸೋಲಿಸಿದವನನ್ನು ಸೋಲಿಸಿದವನು' ಫೈನಲ್‌ಗೆ ಹೋದರೆ ಪ್ರಯೋಜನವಿಲ್ಲ, 'ನನ್ನನ್ನು ಸೋಲಿಸಿದವನೇ' ಹೋಗಬೇಕು.

ಡ್ರಾ ಪಟ್ಟಿಯ ಎರಡು ಅರ್ಧಗಳಿಗೆ ಎರಡು ಪ್ರತ್ಯೇಕ ರೆಪೆಶಾಜ್ ಇರುತ್ತದೆ. ಮೊದಲ ಸುತ್ತುಗಳಲ್ಲಿ ಸೋತವರು ಕೆಳಗಿನಿಂದ ಆಡಿಕೊಂಡು ಬರುತ್ತಾರೆ, ಕೊನೆಗೆ ಉಳಿದವನು ಅದೇ ಅರ್ಧದ ಸೆಮಿಫೈನಲ್ ಸೋತವನ ಜೊತೆ ಕಂಚಿಗೆ ಆಡುತ್ತಾನೆ. ಅದಕ್ಕೇ ಒಲಿಂಪಿಕ್ಸ್‌ನಲ್ಲಿ 2008ರಿಂದ ಪ್ರತಿ ತೂಕಕ್ಕೂ ಎರಡು ಕಂಚು. ರಿಯೊದ ಇನ್ನೊಂದು ಕಂಚು ಇಟಲಿಯ ಫ್ರಾಂಕ್ ಚಮಿಜೊ ಪಾಲಾಯಿತು.

ಅಂದಹಾಗೆ ಇದೇ ಬಾಗಿಲು 2012ರಲ್ಲಿ ಯೋಗೇಶ್ವರ್‌ಗೆ ತೆರೆದಿತ್ತು. ಲಂಡನ್‌ನಲ್ಲಿ ಅವರು ಸೋತದ್ದು ಬೆಸಿಕ್ ಕುದುಖೊವ್‌ಗೆ, ಕುದುಖೊವ್ ಫೈನಲ್ ತಲುಪಿದರು, ಯೋಗೇಶ್ವರ್ ರೆಪೆಶಾಜ್‌ನಿಂದ ಬಂದು ಕಂಚು ಗೆದ್ದರು. ಒಂದೇ ನಿಯಮ, ಕೊಟ್ಟದ್ದೂ ಅದೇ, ಕಿತ್ತದ್ದೂ ಅದೇ.

ಇನ್ನೊಂದು ವಿಷಯ ಪಟ್ಟಿಯಲ್ಲಿ ಟಿಪ್ಪಣಿಯಾಗಿ ಹಾಕಿ. ರಿಯೊ ಕಾಲದಲ್ಲಿ ಒಂದು ತೂಕದ ಎಲ್ಲ ಕುಸ್ತಿಗಳೂ ಒಂದೇ ದಿನ ಮುಗಿಯುತ್ತಿದ್ದವು, ತೂಕ ನೋಡುತ್ತಿದ್ದದ್ದು ಹಿಂದಿನ ಸಂಜೆ. 2018ರಿಂದ ಎರಡು ದಿನ, ಎರಡೂ ಬೆಳಿಗ್ಗೆ ತೂಕ. ಹಿಂದಿನ ಸಂಜೆ ತೂಕ ಕೊಟ್ಟು ರಾತ್ರಿಯಿಡೀ ನೀರು ಅನ್ನ ತುಂಬಿಕೊಳ್ಳುತ್ತಿದ್ದವರಿಗೆ ಆ ಅನುಕೂಲ ಹೋಯಿತು. ಎರಡನೇ ಬೆಳಿಗ್ಗೆ ತೂಕ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಪ್ಯಾರಿಸ್ 2024ರಲ್ಲಿ ವಿನೇಶ್ ಫೋಗಾಟ್ ಅವರ 100 ಗ್ರಾಂ ಎಲ್ಲರಿಗೂ ಕಲಿಸಿತು. 2018ರ ಹಿಂದಿನ ಮತ್ತು ಮುಂದಿನ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರು ಇದನ್ನು ಮರೆಯುತ್ತಾರೆ.

---

ಅಂಕಪಟ್ಟಿ

ಬಹಳ ಉಪಕಾರ. ರಿಯೊ ಸಾಲು ಈಗ ಕೂತಿತು. ಒಯಿದೊವ್ ವಿಷಯ ಉಳಿದಿದೆ. ಮತ್ತೆ ತೂಕದ ಕಾಲಂ: ಮಂಗೋಲಿಯಾದ ಪಟ್ಟಿಗಳಲ್ಲಿ 66, 65, 62 ಎಲ್ಲ ಬರುತ್ತವೆ. ಪೈಲ್ವಾನರು ತೂಕ ಬದಲಿಸುತ್ತಿದ್ದರೇ?

---

ದೋಷಾಂಕ

ಒಯಿದೊವ್ ಕಥೆ ನಿಜ. ಕಾಗದ ಪೆನ್ನು ಹಿಡಿದು ಕೂತರೆ ಐದು ನಿಮಿಷದ ಲೆಕ್ಕ.

ಆಗ ಈಗಿನ ಹಾಗೆ ನಾಕೌಟ್ ಇರಲಿಲ್ಲ, ದೋಷಾಂಕ ಪದ್ಧತಿ ಇತ್ತು. ಗೆದ್ದರೂ ದೋಷ ಬೀಳುತ್ತದೆ, ಎಷ್ಟು ಅನ್ನುವುದು ಗೆದ್ದ ರೀತಿಯ ಮೇಲೆ. ಎದುರಾಳಿಯ ಎರಡೂ ಭುಜ ಚಾಪೆಗೆ ಒತ್ತಿ ಚಿತ್ ಮಾಡಿದರೆ ಗೆದ್ದವನಿಗೆ 0, ಸೋತವನಿಗೆ 4. ಅಂಕಗಳ ಮೇಲೆ ಗೆದ್ದರೆ 1 ಮತ್ತು 3. ನಡುವೆ ಭಾರಿ ಅಂತರದ ಗೆಲುವಿಗೆ 0.5 ಮತ್ತು 3.5. ದೋಷಾಂಕ 6 ಮುಟ್ಟಿದವನು ಹೊರಗೆ. ಕೊನೆಗೆ ಮೂವರು ಉಳಿದರೆ ಆ ಮೂವರು ಪರಸ್ಪರ ಆಡಿದ ಕುಸ್ತಿಗಳ ದೋಷಾಂಕ ಕೂಡಿ ಪದಕ ಹಂಚಿಕೆ.

ಮಾಂಟ್ರಿಯಲ್‌ನ 62 ಕೆ.ಜಿ.ಯಲ್ಲಿ ಉಳಿದ ಮೂವರು: ದಕ್ಷಿಣ ಕೊರಿಯಾದ ಯಾಂಗ್ ಜಂಗ್-ಮೊ, ಮಂಗೋಲಿಯಾದ ಒಯಿದೊವ್, ಅಮೆರಿಕದ ಜೀನ್ ಡೇವಿಸ್. ಯಾಂಗ್, ಡೇವಿಸ್‌ರನ್ನು ಚಿತ್ ಮಾಡಿದರು. ಡೇವಿಸ್, ಒಯಿದೊವ್‌ರನ್ನು ಅಂಕಗಳ ಮೇಲೆ ಸೋಲಿಸಿದರು. ಒಯಿದೊವ್, ಯಾಂಗ್‌ರನ್ನು 10-8ರಿಂದ ಸೋಲಿಸಿದರು. ಮೂವರಿಗೂ ಒಂದು ಗೆಲುವು, ಒಂದು ಸೋಲು.

ಈಗ ಕೂಡಿ. ಯಾಂಗ್: ಚಿತ್ ಮಾಡಿದ್ದಕ್ಕೆ 0, ಸೋತದ್ದಕ್ಕೆ 3, ಒಟ್ಟು 3. ಒಯಿದೊವ್: ಗೆದ್ದದ್ದಕ್ಕೆ 1, ಸೋತದ್ದಕ್ಕೆ 3, ಒಟ್ಟು 4. ಡೇವಿಸ್: ಗೆದ್ದದ್ದಕ್ಕೆ 1, ಚಿತ್ ಆದದ್ದಕ್ಕೆ 4, ಒಟ್ಟು 5. ಚಿನ್ನ, ಬೆಳ್ಳಿ, ಕಂಚು. ಒಂದೇ ಒಂದು ದೋಷಾಂಕದ ವ್ಯತ್ಯಾಸ. ಸ್ವಾತಂತ್ರ್ಯಾನಂತರ ದಕ್ಷಿಣ ಕೊರಿಯಾ ಗೆದ್ದ ಮೊದಲ ಒಲಿಂಪಿಕ್ ಚಿನ್ನ ಅದು. ಅಂದು ಒಯಿದೊವ್‌ಗೆ ಯಾಂಗ್‌ರನ್ನು ಸೋಲಿಸಿದರೆ ಸಾಲುತ್ತಿರಲಿಲ್ಲ, ಚಿತ್ ಮಾಡಬೇಕಿತ್ತು. ಹಾಗಾಗಿದ್ದರೆ ಯಾಂಗ್‌ಗೆ 4, ಒಯಿದೊವ್‌ಗೆ 3 ಆಗಿ ಚಿನ್ನ ಅತ್ತಿಂದಿತ್ತ ಆಗುತ್ತಿತ್ತು. ಹಾಗಾಗಿ 10-8ರಲ್ಲಿ ಎರಡು ಅಂಕ ಮುಂದಿರುವುದು ಗೆಲುವೂ ಹೌದು, ಕೈತಪ್ಪಿದ ಚಿನ್ನವೂ ಹೌದು.

ಅದೃಷ್ಟದ ಬೆಳ್ಳಿ ಅಂತ ಯಾರೂ ಅಂದುಕೊಳ್ಳಬಾರದು, ಅದಕ್ಕೆ ಹಿಂದಿನ ಎರಡು ವರ್ಷವನ್ನೂ ಬರೆಯಿರಿ: 1974ರಲ್ಲಿ ಇಸ್ತಾಂಬುಲ್, 1975ರಲ್ಲಿ ಮಿನ್‌ಸ್ಕ್, ಎರಡೂ ಕಡೆ 62 ಕೆ.ಜಿ.ಯಲ್ಲಿ ಒಯಿದೊವ್ ವಿಶ್ವ ಚಾಂಪಿಯನ್. ಮಿನ್‌ಸ್ಕ್‌ನಲ್ಲಿ 100 ಕೆ.ಜಿ. ಚಿನ್ನವೂ ಮಂಗೋಲಿಯಾದ್ದೇ, ಖೋರ್ಲೂಗಿನ್ ಬಯನ್‌ಮುಂಖ್ ಅವರದ್ದು. ಈ ಬಯನ್‌ಮುಂಖ್ 1972ರ ಮ್ಯೂನಿಕ್‌ನಲ್ಲಿ ಬೆಳ್ಳಿ ಗೆದ್ದವರು; ಅಂದು ಚಿನ್ನ ಗೆದ್ದದ್ದು ಸೋವಿಯತ್‌ನ ಇವಾನ್ ಯಾರಿಗಿನ್, ಸಿಕ್ಕವರನ್ನೆಲ್ಲ ಚಿತ್ ಮಾಡುತ್ತ ಹೋದ ಮನುಷ್ಯ. ಅವರ ಎದುರು ಬೆಳ್ಳಿ ಅಂದರೆ ಕಡಿಮೆಯೇನಲ್ಲ.

---

ಗಡಿರೇಖೆ

ತೂಕದ ಕಾಲಂ: ಬಹುಪಾಲು ಸಲ ಬದಲಾದದ್ದು ಪೈಲ್ವಾನರ ತೂಕ ಅಲ್ಲ, ವರ್ಗದ ಹೆಸರು. 62 ಒಯಿದೊವ್ ಕಾಲದ ಹಳೆಯ ವರ್ಗ. ಪುರುಷರ ಫ್ರೀಸ್ಟೈಲ್‌ನಲ್ಲಿ 2002ರಿಂದ 2013ರವರೆಗೆ 55, 60, 66, 74, 84, 96, 120. 2014ರಿಂದ 57, 61, 65, 70, 74, 86, 97, 125. ಇವುಗಳಲ್ಲಿ 61 ಮತ್ತು 70 ಒಲಿಂಪಿಕ್ಸ್‌ನಲ್ಲಿ ಇಲ್ಲ. 2018ರಲ್ಲಿ 79 ಮತ್ತು 92 ಸೇರಿ ವಿಶ್ವಕೂಟಕ್ಕೆ ಹತ್ತು ವರ್ಗ ಆಯಿತು, ಒಲಿಂಪಿಕ್ಸ್‌ಗೆ ಆರೇ.

ಆರೇ ಅನ್ನುವುದು ಮುಖ್ಯ. ಒಬ್ಬ ಪೈಲ್ವಾನ ವಿಶ್ವಕೂಟದಲ್ಲಿ 61ರಲ್ಲಿ ಮಿಂಚಿ ಒಲಿಂಪಿಕ್ ವರ್ಷದಲ್ಲಿ ಮಾಯವಾದರೆ, ಫಾರ್ಮ್ ಹೋಯಿತು ಅಂತ ಬರೆಯುವ ಮುಂಚೆ ನೋಡಿ: 57ಕ್ಕೆ ಇಳಿಯಬೇಕು ಇಲ್ಲವೇ 65ಕ್ಕೆ ಏರಬೇಕು, ಎರಡೂ ಕಡೆ ಆಗಲೇ ಬೇರೂರಿದವರಿದ್ದಾರೆ.

ಇದಕ್ಕೆ ಒಳ್ಳೆ ಉದಾಹರಣೆ ಮಹಿಳೆಯರಲ್ಲಿದೆ. ಸೊರೊನ್‌ಜೊನ್‌ಬೊಲ್ದಿನ್ ಬತ್ತ್ಸೆತ್ಸೆಗ್ 2010ರಲ್ಲಿ ಮಾಸ್ಕೊದಲ್ಲಿ ವಿಶ್ವ ಚಾಂಪಿಯನ್ ಆದದ್ದು 59 ಕೆ.ಜಿ.ಯಲ್ಲಿ. ಲಂಡನ್ ಒಲಿಂಪಿಕ್ಸ್‌ನಲ್ಲಿ 59 ಇರಲೇ ಇಲ್ಲ, 55 ಇಲ್ಲವೇ 63. ಅವರು 63ರಲ್ಲಿ ಆಡಿ ಕಂಚು ತಂದರು, 2015ರಲ್ಲಿ ಲಾಸ್ ವೇಗಸ್‌ನಲ್ಲಿ ಅದೇ 63ರಲ್ಲಿ ಮತ್ತೆ ವಿಶ್ವ ಚಾಂಪಿಯನ್. ಫ್ರೀಸ್ಟೈಲ್ ಅಂದ ಕೂಡಲೇ ಗಂಡಸರ ಪಟ್ಟಿ ಮಾತ್ರ ತೆಗೆಯುವವರಿಗೆ ಈ ವೃತ್ತಿಜೀವನ ಕಾಣಿಸುವುದೇ ಇಲ್ಲ. ನನ್ನ ಕಣ್ಣಿಗೆ ಈ ಶತಮಾನದ ಮಂಗೋಲಿಯಾ ಕುಸ್ತಿಯಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ.

---

ಮಣ್ಣುಮೀಸೆ

ಯಾರೂ ಬುಖ್ ವಿಷಯ ಎತ್ತಲಿಲ್ಲವಲ್ಲ. ಮಂಗೋಲಿಯಾದ ಫ್ರೀಸ್ಟೈಲ್ ಪೈಲ್ವಾನರ ಬಗ್ಗೆ ಬರೆದು ಅವರ ನಾಡ ಕುಸ್ತಿ ಬುಖ್ ಬಿಟ್ಟರೆ ಮೂಲವನ್ನೇ ಬಿಟ್ಟ ಹಾಗೆ. ಹೆಸರಿನ ಪಕ್ಕದಲ್ಲಿ ನಾಚಿನ್, ಜಾನ್, ಅರ್ಸ್ಲಾನ್, ಅವರ್ಗ ಅಂತೆಲ್ಲ ಕಂಡರೆ ಅವು ಬಿರುದುಗಳು, ಹೆಸರಿನ ಭಾಗವಲ್ಲ.

ಜುಲೈಯ ರಾಷ್ಟ್ರೀಯ ನಾದಮ್ ಹಬ್ಬದಲ್ಲಿ 512 ಜನ ಇಳಿಯುತ್ತಾರೆ, ಒಂಬತ್ತು ಸುತ್ತು. ಐದು ಗೆದ್ದವನು ನಾಚಿನ್ ಅಂದರೆ ಡೇಗೆ, ಏಳಕ್ಕೆ ಜಾನ್ ಅಂದರೆ ಆನೆ, ಒಂಬತ್ತೂ ಗೆದ್ದವನು ಅರ್ಸ್ಲಾನ್ ಅಂದರೆ ಸಿಂಹ. ಎರಡನೇ ಸಲ ಗೆದ್ದರೆ ಅವರ್ಗ, ಮಹಾಜಟ್ಟಿ ಅನ್ನಬಹುದು. 2003ರಲ್ಲಿ ಆರಕ್ಕೆ ಒಂದು, ಎಂಟಕ್ಕೆ ಒಂದು ಬಿರುದು ಸೇರಿಸಿದರು; ಎಂಟು ಗೆದ್ದವನು ಗರಿದ್. ನಮ್ಮ ಗರುಡನೇ, ಬೌದ್ಧ ಗ್ರಂಥಗಳ ಜೊತೆ ಅಲ್ಲಿಗೆ ಹಾರಿಹೋದವನು.

ತೂಕದ ವರ್ಗ ಇಲ್ಲ. 65 ಕೆ.ಜಿ.ಯವನಿಗೆ 130 ಕೆ.ಜಿ.ಯವನು ಸಿಕ್ಕರೂ ಆಡಬೇಕು. ಹಾಗಾಗಿ ಹಗುರ ತೂಕದ ಫ್ರೀಸ್ಟೈಲ್ ಪೈಲ್ವಾನರಿಗೆ ದೊಡ್ಡ ನಾದಮ್ ಬಿರುದು ಇಲ್ಲದಿದ್ದರೆ ಅದು ಕೊರತೆಯಲ್ಲ. ಬಿರುದು ಕೂಡಿಬಂದದ್ದು ಭಾರಿ ಆಳುಗಳಿಗೆ: ಬಯನ್‌ಮುಂಖ್ ಅವರ್ಗ, ಜಿಗ್ಜಿದಿನ್ ಮುಂಖ್‌ಬತ್ ಕೂಡ ಅವರ್ಗ. ಈ ಮುಂಖ್‌ಬತ್ 1968ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ 87 ಕೆ.ಜಿ. ಬೆಳ್ಳಿ ಗೆದ್ದವರು. ಮಂಗೋಲಿಯಾಕ್ಕೆ ಮೊದಲ ಒಲಿಂಪಿಕ್ ಪದಕಗಳು ಬಂದದ್ದೇ ಆ ಕೂಟದಲ್ಲಿ, ಒಂದು ಬೆಳ್ಳಿ ಮೂರು ಕಂಚು, ನಾಲ್ಕೂ ಕುಸ್ತಿಯಿಂದ. ಅವರ ಮಗ ಜಪಾನಿಗೆ ಹೋಗಿ ಸುಮೊದಲ್ಲಿ ಹಕುಹೊ ಆಗಿ 45 ಪಂದ್ಯಾವಳಿ ಗೆದ್ದ.

---

ಎರಡು_ಭುಜ

ಬುಖ್ ಆಡಿ ಬಂದವರೆಲ್ಲ ಫ್ರೀಸ್ಟೈಲ್‌ಗೆ ತಯಾರು ಅನ್ನುವ ಅರ್ಥ ಬರುವ ಹಾಗೆ ಬರೆದಿದ್ದೀರಿ ಮಣ್ಣುಮೀಸೆ, ಅಲ್ಲಿ ಸ್ವಲ್ಪ ತಕರಾರು. ಕೆಲವು ಅಭ್ಯಾಸ ಉಲ್ಟಾ ಕೆಲಸ ಮಾಡುತ್ತವೆ.

ಮಂಡಿ ತೆಗೆದುಕೊಳ್ಳಿ. ಬುಖ್‌ನಲ್ಲಿ ಅಂಗೈ ಊರಬಹುದು. ಮಂಡಿಯೋ ಮೊಣಕೈಯೋ ನೆಲ ಮುಟ್ಟಿದರೆ ಸೋಲು. ಹತ್ತು ವರ್ಷ ಹಾಗೆ ಆಡಿದ ದೇಹ ಮಂಡಿ ಊರಲು ಹೆದರುತ್ತದೆ. ಫ್ರೀಸ್ಟೈಲ್‌ನ ಎರಡೂ ಕಾಲು ಹಿಡಿಯುವ ದಾಳಿಯಲ್ಲಿ ಮೊದಲ ಕೆಲಸವೇ ಮುಂದಿನ ಮಂಡಿಯನ್ನು ಎದುರಾಳಿಯ ಎರಡು ಪಾದಗಳ ನಡುವೆ ಚಾಪೆಗೆ ಜಾರಿಸುವುದು, ಹಿಂದಿನ ಕಾಲು ಹೊರಗಿಂದ ಎಳೆದುಕೊಂಡು ಏಳುವುದು. ಮಂಡಿ ಊರಲು ಹಿಂಜರಿದವನು ಸೊಂಟದಿಂದ ಬಗ್ಗುತ್ತಾನೆ. ತಲೆ ಕೆಳಗೆ, ಸೊಂಟ ಹಿಂದೆ. ಎದುರಾಳಿ ಕತ್ತಿನ ಮೇಲೆ ಕೈ ಹಾಕಿ ಒಂದು ಎಳೆತ ಎಳೆದರೆ ಮುಂಗೈ ಊರಿ ಬೀಳುತ್ತಾನೆ, ಎದುರಾಳಿ ಹಿಂದೆ ಸುತ್ತಿ ಬಂದರೆ 2 ಅಂಕ.

ಎರಡನೆಯದು ನೆಲದ ಕೆಲಸ. ಬುಖ್‌ನಲ್ಲಿ ಬಿದ್ದಲ್ಲಿಗೆ ಮುಗಿಯಿತು. ಫ್ರೀಸ್ಟೈಲ್‌ನಲ್ಲಿ ಬಿದ್ದಲ್ಲಿಂದ ಶುರು. ಹೊಟ್ಟೆ ಸುತ್ತ ಕೈ ಬಿಗಿದು ಉರುಳಿಸಿದರೆ ಪ್ರತಿ ಉರುಳಿಗೂ 2. ಎರಡು ಕಣಕಾಲು ಹೆಣೆದು ತಿರುಗಿಸಿದರೂ ಅಷ್ಟೇ. ಒಂದು ಬೀಳಿಕೆ, ನಾಲ್ಕು ಉರುಳು, ಹತ್ತು ಅಂಕದ ಅಂತರ, ಕುಸ್ತಿ ಅಲ್ಲೇ ಖಲಾಸ್. ಕೆಳಗಿರುವವನು ಮೊಣಕೈ ಪಕ್ಕೆಗೆ ಅಂಟಿಸಿ, ಸೊಂಟವನ್ನು ಚಾಪೆಗೆ ಒತ್ತಿ, ಉರುಳುವ ದಿಕ್ಕಿನ ಕಾಲನ್ನು ಅಗಲಕ್ಕೆ ಚಾಚಿ ಆನಿಕೆ ಕೊಡಬೇಕು. ಇದು ನಿಂತು ಆಡುವ ಕುಸ್ತಿಯಿಂದ ತಾನಾಗಿ ಬರುವುದಿಲ್ಲ, ಬೇರೆಯೇ ಕಲಿಯಬೇಕು.

ಮೂರನೆಯದು ಗಡಿ. ಬುಖ್ ಬಯಲಲ್ಲಿ ನಡೆಯುತ್ತದೆ, ಗಡಿಯೂ ಇಲ್ಲ, ಗಡಿಯಾರದ ಅಂಕವೂ ಇಲ್ಲ. ಹಿಂದೆ ಹಿಂದೆ ಹೋಗುತ್ತ ಎದುರಾಳಿ ಮೈಮೇಲೆ ಬೀಳುವವರೆಗೆ ಕಾಯುವುದು ಅಲ್ಲಿ ಜಾಣತನ. 9 ಮೀಟರ್ ವೃತ್ತದಲ್ಲಿ ಅದೇ ಜಾಣತನಕ್ಕೆ ಒಂದೊಂದು ಅಂಕ ದಂಡ.

ಲಾಭ ಇಲ್ಲ ಅನ್ನುತ್ತಿಲ್ಲ. ಒಳಗಾಲು ಕೊಂಡಿ, ಸೊಂಟದ ಎಸೆತ, ಬೀಳುವ ಹೊತ್ತಲ್ಲೂ ತಿರುಗಿ ಮೇಲೆ ಬರುವ ಸಮತೋಲ, ಇವು ಅಲ್ಲಿಂದಲೇ. ಆದರೆ ಅಲ್ಲಿ ಹಿಡಿಯುವುದು ಜೊದೊಗ್ ಅನ್ನುವ ಎದೆ ತೆರೆದ ಅಂಗಿಯ ತೋಳು ಮತ್ತು ಬೆನ್ನುಪಟ್ಟಿ. ಇಲ್ಲಿ ಬೆವರಿದ ಮಣಿಕಟ್ಟು. ಬಟ್ಟೆ ಹಿಡಿದು ಎಸೆಯುವ ದೂರಕ್ಕೂ ಬರಿಮೈ ಹಿಡಿದು ಎಸೆಯುವ ದೂರಕ್ಕೂ ಒಂದು ಗೇಣು ವ್ಯತ್ಯಾಸ ಇದೆ. ಎದೆಗೆ ಎದೆ ತಾಗುವಷ್ಟು ಹತ್ತಿರ ಹೋಗದೆ ಎಸೆಯಲು ನೋಡಿದರೆ ಕೈ ಜಾರಿ ಎಸೆದವನೇ ಕೆಳಗೆ.

---

ಮಣ್ಣುಮೀಸೆ

ಮಂಡಿಯ ಮಾತು ಒಪ್ಪಿದೆ. ಆದರೆ ಬಯನ್‌ಮುಂಖ್ ಎರಡೂ ಕಡೆ ಒಂದೇ ಕಾಲದಲ್ಲಿ ಮೇಲೆ ಇದ್ದರು ಅನ್ನುವುದನ್ನು ಬಿಡಬೇಡಿ. ಅಭ್ಯಾಸ ಬದಲಿಸಬಲ್ಲವರೂ ಇದ್ದಾರೆ.

---

ಪಟ್ಟುಪುರಾಣ

ಫಲಿತಾಂಶದ ಸಂಕೇತಗಳ ಬಗ್ಗೆ ಒಂದು ಮಾತು, ಪಟ್ಟಿ ಮಾಡುವವರು ಇಲ್ಲೇ ಎಡವುವುದು. ಹೊಸ ಪಟ್ಟಿಗಳಲ್ಲಿ 'ವಿಎಫ್‌ಎ' ಚಿತ್, 'ವಿಎಸ್‌ಯು' ಹತ್ತು ಅಂಕದ ಅಂತರದ ಗೆಲುವು, 'ವಿಪಿಒ' ಅಂಕಗಳ ಮೇಲಿನ ಗೆಲುವು. ಸಂಕೇತದ ಕೊನೆಯಲ್ಲಿ 1 ಇದ್ದರೆ ಸೋತವನೂ ಅಂಕ ಗಳಿಸಿದ್ದಾನೆ ಅಂತ. ಪಕ್ಕದ 5-0, 4-1, 3-1 ಇವು ವರ್ಗೀಕರಣ ಅಂಕ, ಅಂದರೆ ಗೆದ್ದ ರೀತಿಗೆ ಕೊಡುವ ಅಂಕ, ಕುಸ್ತಿಯಲ್ಲಿ ಗಳಿಸಿದ ಅಂಕವಲ್ಲ. '3-1ರಿಂದ ಗೆದ್ದರು' ಅಂತ ಬರೆದ ವರದಿ ನೋಡಿದರೆ ಮೊದಲು ಅನುಮಾನಿಸಿ.

2005ರಿಂದ 2013ರ ಮೊದಲ ತಿಂಗಳುಗಳವರೆಗಿನ ಸಾಲುಗಳಿಗೆ ಬೇರೆ ಕಾಲಂ ಬೇಕು. ಆಗ ಎರಡೆರಡು ನಿಮಿಷದ ಮೂರು ಅವಧಿ, ಎರಡು ಗೆದ್ದವನು ವಿಜೇತ. 0-1, 1-0, 1-0 ಅಂತ ಇರುತ್ತದೆ. ಕೂಡಿಸಿ 2-1 ಅಂತ ಬರೆಯಬೇಡಿ. 0-6, 1-0, 1-0 ಆಗಿದ್ದರೆ ಕೂಡಿಸಿದಾಗ ಗೆದ್ದವನೇ ಸೋತವನಾಗುತ್ತಾನೆ. ಒಯಿದೊವ್ ಕಾಲದ್ದು ಮೂರು ಮೂರು ನಿಮಿಷದ ಮೂರು ಸುತ್ತು, ಒಟ್ಟು 9 ನಿಮಿಷ. 10-8 ಅನ್ನುವ ದೊಡ್ಡ ಅಂಕ ಅಲ್ಲಿಂದ. ಈಗ ಮೂರು ಮೂರು ನಿಮಿಷದ ಎರಡು.

ವಿಶ್ವ ಕುಸ್ತಿ ಸಂಸ್ಥೆಯ ಹೆಸರೂ ನೋಡಿಕೊಳ್ಳಿ: 2014ರವರೆಗೆ ಫಿಲಾ, ಆಮೇಲೆ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್.

---

ಅಂಕಪಟ್ಟಿ

ರಿಯೊ ಸಾಲು ಹೀಗೆ ಬರೆದರೆ ಸರಿಯೇ: '65 ಕೆ.ಜಿ., ಕಂಚಿನ ಕುಸ್ತಿ, ನವ್ರುಜೊವ್ ಎದುರು 7-8 ಸೋಲು, 5ನೇ ಸ್ಥಾನ. ಕೊನೆಯಲ್ಲಿ 7-6 ಮುನ್ನಡೆ. ಹಿಡಿತದಿಂದ ಪಲಾಯನಕ್ಕೆ ದಂಡದ ಅಂಕ.'

---

ಗಡಿರೇಖೆ

ಸರಿ ಇದೆ. 'ಸಂಭ್ರಮಿಸಿದ್ದಕ್ಕೆ ದಂಡ' ಅಂತ ಮಾತ್ರ ಎಲ್ಲೂ ಬರೆಯಬೇಡಿ, ಪತ್ರಿಕೆಗಳೆಲ್ಲ ಹಾಗೇ ಬರೆದವು. ಸಂಭ್ರಮಕ್ಕೆ ಯಾವ ದಂಡವೂ ಇಲ್ಲ. ಎದುರಾಳಿಯ ಕೈ ಹಿಡಿದುಕೊಂಡೇ ನಕ್ಕಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಇದೇ 65ರಲ್ಲಿ ಇನ್ನೊಂದು ಸಾಲು ಜೊತೆಗಿಡಿ: 2019, ನೂರ್-ಸುಲ್ತಾನ್ ವಿಶ್ವಕೂಟ, ಕಂಚಿನ ಕುಸ್ತಿ. ಮಂಗೋಲಿಯಾದ ತುಮುರ್-ಒಚಿರಿನ್ ತುಲ್ಗಾ, ಬಜರಂಗ್ ಪೂನಿಯಾ ಎದುರು 6-0 ಮುಂದಿದ್ದು 7-8 ಸೋಲು. ಅಂಕ ಎರಡೂ ಕಡೆ ಅದೇ, ಆದರೆ ಅಲ್ಲಿ ಮುನ್ನಡೆ ಕರಗಿದ್ದು ಪಟ್ಟುಗಳಿಂದ. ಹೆಸರು ಮಾತ್ರ ತುಲ್ಗಾ ಅನ್ನಿ, ತುಮುರ್-ಒಚಿರ್ ಅವರಪ್ಪ.